ಮುದುಕಿಯ ಮರದ ಹಿಡಿ

ಮೇಜಿನ ಮೇಲೆ ಎರಡು ಪಿಸ್ತೂಲು, ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ನಾಲ್ಕಕ್ಕೆ ಹೆಸರುಗಳ ಕಾಗದ ಪೊಲೀಸರಿಗೆ ಹೋಗಬೇಕು. ಅಷ್ಟರೊಳಗೆ ಸೆಲಿನಾ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಆರಿಸಿದ್ದರಿಂದ ಐದು ಗುಂಡು ಹೊತ್ತಿಗೆ ಸರಿಯಾಗಿ ಹಾರಿಸಿ ತೋರಿಸಬೇಕು. ಇಲ್ಲದಿದ್ದರೆ ಬೆಳಗಾವಿಯ ಪಂದ್ಯದ ಪಟ್ಟಿಯಿಂದ ಅವಳ ಹೆಸರು ಹೋಯಿತೆಂದೇ ಲೆಕ್ಕ.

ಗಬ್ಬೂರ ಬೈಪಾಸಿನ ಆಚೆ, ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯ ಗೋಡೆಗೆ ಬೆನ್ನು ಕೊಟ್ಟು ನಿಂತ ತಗಡಿನ ಶೆಡ್ಡು ಅದು. ಹೆಸರಿಗೆ ರೈಫಲ್ ಕ್ಲಬ್ಬು. ವಾರವೆಲ್ಲ ಎಲ್ಲೆಲ್ಲೋ ಜೀವ ತೇಯುವ ಮಂದಿ ಶನಿವಾರ ಬಂದು, ಕಾಗದದ ಗುರಿಗೆ ನಾಲ್ಕು ಗುಂಡು ಹೊಡೆದು, ಮನಸ್ಸು ಹಗುರ ಮಾಡಿಕೊಂಡು ಹೋಗುವ ಜಾಗ. ಸೆಲಿನಾ ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕಿ. ಮಾತು ಕಡಿಮೆ. ಐದು ವರ್ಷದ ಹಿಂದೆ ಯಾರೋ ಕರೆದರೆಂದು ಬಂದವಳು, ಬಂದಲ್ಲೇ ನಿಂತುಬಿಟ್ಟಿದ್ದಳು.

"ಬೆಳಗಾವಿಗೆ ಪಿಸ್ತೂಲ ಒಯ್ಯಬೇಕಂದ್ರ ಪೊಲೀಸರ ಪತ್ರ ಬೇಕು ತಂಗಿ," ಅಂದರು ಅರ್ಜುನಪ್ಪ. ಸೈನ್ಯದಿಂದ ನಿವೃತ್ತರಾಗಿ ಬಂದು ಕ್ಲಬ್ಬಿನ ಆಯುಧದ ಕಪಾಟಿನ ಕೀಲಿ ಸೊಂಟಕ್ಕೆ ಕಟ್ಟಿಕೊಂಡವರು. "ಹೆಸರಿನ ಮುಂದ ಪಿಸ್ತೂಲಿನ ನಂಬರು ಬರೀಬೇಕು. ಒಮ್ಮೆ ಬರದ್ರ ಮುಗೀತು, ಮತ್ತ ಬದಲಿ ಇಲ್ಲ. ಲಗೂ ನೋಡು."

ಎರಡೂ ಪಾಯಿಂಟ್ ಟೂ ಟೂ, ಪೆನ್ಸಿಲಿನಷ್ಟೇ ದಪ್ಪದ ಗುಂಡಿನವು. ಒಂದಕ್ಕೆ ಕ್ಲಬ್ಬಿನವರು ಇಟ್ಟ ಹೆಸರು ಮುದುಕಿ. ಮೂವತ್ತು ವರ್ಷದ ಜರ್ಮನ್ ಪಿಸ್ತೂಲು. ಕಬ್ಬಿಣದ ಮೈ ಸವೆದು ಬೆಳ್ಳಗಾಗಿದೆ, ಟ್ರಿಗರ್ ಒತ್ತಿದರೆ ಒಂದಿಷ್ಟು ದೂರ ಸುಮ್ಮನೆ ತೆವಳಿ ಆಮೇಲೆ ಗುಂಡು ಬಿಡುತ್ತದೆ. ಇನ್ನೊಂದು ಹೋದ ವರ್ಷ ಬಂದ ಇಟಲಿಯದು. ಬೆರಳು ತಾಗಿತೋ ಇಲ್ಲವೋ, ಗುಂಡು ಆಚೆ.

ಮುದುಕಿಗೆ ಮರದ ಹಿಡಿ. ಅದನ್ನು ಕೆತ್ತಿದವರು ಸೆಲಿನಾಳ ಅಪ್ಪ ಸೀಲಾಸ ಮಾಸ್ತರು. ಮಿಶನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಬಡಿಗತನ ಕಲಿಸಿದ ಕೈ. ಚರ್ಚಿನ ಹಳೆಯ ಬೆಂಚಿನ ಮುರಿದ ಕಾಲು, ಬೀಟೆ ಮರದ್ದು, ಮನೆಯಲ್ಲಿತ್ತು. ಮಗಳ ಅಂಗೈಯನ್ನು ಹಸಿ ಮಣ್ಣಿನಲ್ಲಿ ಒತ್ತಿಸಿ, ಆ ಅಚ್ಚು ನೋಡುತ್ತ ಒಂದು ಮಳೆಗಾಲವೆಲ್ಲ ಉಜ್ಜಿದ್ದರು.

ಈಗ ಆ ಮಾಸ್ತರು ಶೆಡ್ಡಿನ ಹಿಂದಿನ ಬೆಂಚಿನ ಮೇಲೆ ಕೂತಿದ್ದರು. ಬಲಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು. ಲಕ್ವಾ ಹೊಡೆದು ಎಂಟು ತಿಂಗಳು. ಮಾತು ಹೋಗಿತ್ತು. ವಾರದ ಆರು ದಿನ ಹಳೇ ಹುಬ್ಬಳ್ಳಿಯ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುವರು. ಉಣ್ಣಿಸಿದರೆ ಎರಡು ತುತ್ತು. ಶನಿವಾರ ಮಾತ್ರ ಊಟವಾದ ಮೇಲೆ ಎಡಗೈಯಿಂದ ಚಪ್ಪಲಿ ಎಳೆದುಕೊಳ್ಳುವರು. ಆ ಒಂದು ಚಪ್ಪಲಿಯ ಸದ್ದಿಗಾಗಿ ಸೆಲಿನಾ ಆರು ದಿನ ಕಾಯುತ್ತಿದ್ದಳು. ಪಟ್ಟಿಯಿಂದ ಹೆಸರು ಹೋದರೆ ಅಭ್ಯಾಸದ ಸರದಿಯೂ ಹೋಗುತ್ತದೆ. ಸರದಿ ಹೋದರೆ ಶನಿವಾರ ಇಲ್ಲ. ಶನಿವಾರ ಇಲ್ಲದಿದ್ದರೆ ಅಪ್ಪ ಯಾವ ದಿನ ಈ ಕಡೆ ಮುಖ ತಿರುಗಿಸಬೇಕು?

"ಅಕ್ಕಾ, ನೀ ಯಾವದ ಬಿಡ್ತಿ ಅದು ನಂದು," ಅಂದಳು ಭಾಗ್ಯಾ. ಅವಳೂ ಬೆಳಗಾವಿಗೆ ಹೊರಟವಳು. ಅವಳ ಹೆಸರು ಆಗಲೇ ಪಟ್ಟಿಯಲ್ಲಿತ್ತು. "ನನಗೇನ್, ಎರಡೂ ಅತ್ತಿ-ಸೊಸಿ ಇದ್ಧಾಂಗ. ಯಾವಾಕಿ ಕೂಡನೂ ಬಾಳೇ ಮಾಡ್ತೇನಿ."

"ನಿನ್ನ ಬಾಯಿಗೆ ಅತ್ತೀನೂ ಓಡಿ ಹೋಗ್ತಾಳ, ಸೊಸಿನೂ ಓಡಿ ಹೋಗ್ತಾಳ," ಅಂದರು ಅರ್ಜುನಪ್ಪ. "ದೀಪ ಹಚ್ಚು ಹೋಗು."

ಆಟ ಸರಳ. ಗುರಿಯ ಪಕ್ಕದಲ್ಲಿ ಕೆಂಪು ದೀಪ ಏಳು ಸೆಕೆಂಡು ಉರಿಯುತ್ತದೆ. ಆಗ ಕೈ ಕೆಳಗಿರಬೇಕು. ಆಮೇಲೆ ಹಸಿರು, ಮೂರು ಸೆಕೆಂಡು. ಅಷ್ಟರಲ್ಲಿ ಕೈ ಎತ್ತಿ ಒಂದೇ ಗುಂಡು ಹಾರಿಸಬೇಕು. ಮತ್ತೆ ಕೆಂಪು. ಹೀಗೆ ಐದು ಸಲ. ಹೊತ್ತು ಮೀರಿದ ಗುಂಡು ಗುರಿಯ ನಟ್ಟನಡುವೆ ಬಿದ್ದರೂ ಸೊನ್ನೆ.

ಸೆಲಿನಾ ಮೊದಲು ಮುದುಕಿಯನ್ನು ಹಿಡಿದಳು. ಕಿವಿಗೆ ಮುಚ್ಚಳ ಹಾಕಿಕೊಂಡಳು. ಕೆಂಪು. ಹಸಿರು. ಕೈ ಎತ್ತಿದಳು, ಬೆರಳು ಒತ್ತಿತು, ಟ್ರಿಗರ್ ತೆವಳಿತು. ಗುಂಡು ಹಾರುವಷ್ಟರಲ್ಲಿ ದೀಪ ಮತ್ತೆ ಕೆಂಪಾಗಿತ್ತು.

ಐದರಲ್ಲಿ ಮೂರು ತಡ.

"ಮುದಿಕೀದ ಸ್ಪ್ರಿಂಗ್ ಸೋತೈತಿ," ಅಂದರು ಅರ್ಜುನಪ್ಪ. "ಇಟಲೀದು ಹಿಡಿ."

ಇಟಲಿಯದು ಹಿಡಿದಳು. ಅದರ ಹಿಡಿ ತಣ್ಣಗೆ, ಪರಕೀಯವಾಗಿ ಕೈಗೆ ಬಂತು. ಟ್ರಿಗರಿನಲ್ಲಿ ತೆವಳುವುದೆಂಬುದೇ ಇಲ್ಲ. ಆದರೂ ಐದರಲ್ಲಿ ಎರಡು ತಡ. ಮತ್ತೊಮ್ಮೆ ಹೊಡೆದಳು. ಮತ್ತೆ ಎರಡು ತಡ. ಮುದುಕಿಯನ್ನು ಮತ್ತೆ ಹಿಡಿದಳು. ಮೂರು.

ಗಡಿಯಾರದಲ್ಲಿ ಮೂರೂವರೆ. ಅವಳ ಕುತ್ತಿಗೆಯ ಬೆವರು ಬೆನ್ನಿಗಿಳಿಯುತ್ತಿತ್ತು. ಇಷ್ಟು ದಿನ ಪಿಸ್ತೂಲಿನ ತಪ್ಪೆಂದು ನಂಬಿ ಬದುಕಿದ್ದಳು. ಹೊಸದು ಕೊಟ್ಟರೆ ಸರಿಹೋಗುತ್ತದೆ ಎಂಬುದೊಂದೇ ಆಸರೆ ಇತ್ತು. ಅದೂ ಈಗ ಕೈಬಿಟ್ಟಿತು.

"ಕಾಕಾ, ಇನ್ನೊಂದು ಸಲ..."

"ಸಲ ಎಷ್ಟ ಬೇಕಾದ್ರೂ ಕೊಡ್ತೇನಿ. ಗಡಿಯಾರ ಕೊಡೂದಿಲ್ಲ." ಅರ್ಜುನಪ್ಪ ಪಿಸ್ತೂಲು ಇಸಿದುಕೊಂಡು ಗುಂಡಿಲ್ಲವೆಂದು ನೋಡಿ ಮೇಜಿನ ಮೇಲಿಟ್ಟರು. "ಒಂದು ಮಾತ ಕೇಳ್ತೇನಿ, ಖರೇ ಹೇಳು. ಹಸಿರು ಹತ್ತಿದ ಮ್ಯಾಲೂ ನಿನ್ನ ಕೈ ಅರ್ಧ ಸೆಕೆಂಡು ಏಳೂದ ಇಲ್ಲ. ನಾ ನೋಡಾಕತ್ತೇನಿ, ಎಂಟು ತಿಂಗಳಾತು. ಯಾರ ಅಪ್ಪಣಿ ಸಲುವಾಗಿ ನಿಂತಿರ್ತಿ?"

ಸೆಲಿನಾ ಬೆಂಚಿನ ಕಡೆ ನೋಡಿದಳು. ಅಪ್ಪನ ತುಟಿ ಅಲ್ಲಾಡುತ್ತಿತ್ತು. ಯಾವಾಗಲೂ ಅಲ್ಲಾಡುತ್ತಿತ್ತು. ಅವಳು ದನಿ ತಗ್ಗಿಸಿದಳು. ಯಾರ ಮುಂದೆಯೂ ಹೇಳದ ಮಾತನ್ನು ಹೇಳತೊಡಗಿದಳು.

ಅವರ ಚರ್ಚಿನ ಸಭೆಯಲ್ಲಿ ಸಂಜೆಯ ಪ್ರಾರ್ಥನೆಗೆ ಒಂದು ಪದ್ಧತಿ. ಮುಂದಾಳು ಎದ್ದು ನಿಂತು ಉದ್ದನೆಯ ಸಾಲು ಹೇಳುತ್ತಾನೆ. ಅದು ಮುಗಿದ ಮೇಲೆ ಉಳಿದವರೆಲ್ಲ ಗಿಡ್ಡ ಸಾಲಿನಿಂದ ಉತ್ತರ ಕೊಡುತ್ತಾರೆ. ಸಾಲುಗಳನ್ನು ಕಟ್ಟಿದವರು ಅವಳ ಅಜ್ಜ; ನಲವತ್ತು ವರ್ಷ ಮುಂದಾಳಾಗಿ ಹೇಳಿದವರು ಅಪ್ಪ. *ಬಿಸಿಲು ಏರಿ, ದಾರಿ ಬತ್ತಿ, ಕಾಲು ಸೋತು ನಿಂತ ಹೊತ್ತು* ಎಂದು ಅಪ್ಪ ಎಳೆದು ಹಾಡಿದಂತೆ ಹೇಳಿದರೆ, *ನಿನ್ನ ನೆರಳೇ ನನಗೆ ನೆಲೆ* ಎಂದು ಸಭೆ. ಸಾಲಿಗೆ ಏಳು ಸೆಕೆಂಡು, ಉತ್ತರಕ್ಕೆ ಮೂರು. ಪಿಸ್ತೂಲು ಹಿಡಿದ ಮೊದಲ ವಾರವೇ ಅವಳಿಗದು ಹೊಳೆದಿತ್ತು. ಕೆಂಪಿನಲ್ಲಿ ಅಪ್ಪನ ದನಿ, ಹಸಿರಿನಲ್ಲಿ ತನ್ನ ಉತ್ತರ. *ನೆಲೆ* ಎನ್ನುವಾಗ ಗುಂಡು ಹಾರಬೇಕು. ನಾಲ್ಕು ವರ್ಷ ಹಾರಿತ್ತು.

"ನಮ್ಮಲ್ಲಿ ಒಂದ ಕಟ್ಟಪ್ಪಣಿ ಇತ್ತು ಕಾಕಾ. ಮುಂದಾಳ ಸಾಲು ಮುಗಿಯೂತನಾ ಯಾರೂ ಬಾಯಿ ತೆಗೀಬಾರದು. ನಡುವ ಮಾತಾಡೂದಂದ್ರ ದೇವರ ಮಾತು ಕಡದ್ಹಾಂಗ. ಸಣ್ಣಾಕಿದ್ದಾಗ ಒಮ್ಮೆ ಅವಸರ ಮಾಡಿದ್ದಕ್ಕ ಪಪ್ಪಾ ಮನಿಗೆ ಬಂದು ಕಿವಿ ಹಿಂಡಿದ್ರು. ಎಂಟು ತಿಂಗಳ ಹಿಂದ, ಆ ರವಿವಾರ ಪಪ್ಪಾ ಸಾಲು ಹೇಳಾಕತ್ತಿದ್ರು. *ಕಾಲು ಸೋತು* ಅಂದ್ರು. ನಿಂತ್ರು. ಮತ್ತ *ಕಾಲು ಸೋತು* ಅಂದ್ರು. ನಿಂತ್ರು. ನಾವೆಲ್ಲಾ ತಲಿ ಬಗ್ಗಿಸಿ ಕಾಯ್ದಿವಿ. ಭಕ್ತಿ ಉಕ್ಕೇತಿ, ಕಣ್ಣೀರ ಬಂದಾವ, ಅದಕ್ಕ ನಿಂತಾರ ಅಂತ ತಿಳದ್ವಿ. ನಾ ಮೊದಲನೇ ಸಾಲಿನ್ಯಾಗ ಕೂತಿದ್ದೆ ಕಾಕಾ. ನಾಲ್ಕ ಹೆಜ್ಜಿ ದೂರ. ತಲಿ ಎತ್ತಲಿಲ್ಲ. ಎಷ್ಟ ಹೊತ್ತ ಗೊತ್ತೇನು? ಹತ್ತು ಮಿನಿಟು. ಅವರು ಗೋಡಿ ಹಿಡದು ನಿಂತಿದ್ರು, ಬಾಯಿ ಒಂದ ಕಡೆ ಜೋತಿತ್ತು, ನಾವು ಸಾಲು ಮುಗೀಲಿ ಅಂತ ಕಾಯಾಕತ್ತಿದ್ವಿ. ಬಿದ್ದ ಸಪ್ಪಳ ಕೇಳಿದ ಮ್ಯಾಲೆ ಎದ್ವಿ."

ಭಾಗ್ಯಾ ದೀಪದ ಗುಂಡಿಯ ಮೇಲಿದ್ದ ಕೈ ತೆಗೆದಳು.

"ಡಾಕ್ಟರು ಅಂದ್ರು, ಇನ್ನೊಂದ್ ಸ್ವಲ್ಪ ಲಗೂ ತಂದಿದ್ರ ಅಂತ. ಅಷ್ಟ ಅಂದ್ರು. ಈಗ ಕೆಂಪು ಹತ್ತಿದ್ರ ಪಪ್ಪಾನ ದನಿ ಬರ್ತೈತಿ, *ಕಾಲು ಸೋತು* ಅಂತ ನಿಲ್ತೈತಿ. ಮುಂದ ಹೋಗೂದ ಇಲ್ಲ. ಹಸಿರು ಬಂದ್ರೂ ನಾ ಕಾಯ್ಕೋತ ನಿಂತಿರ್ತೇನಿ. ನಾ ಏನ್ ಮಾಡ್ಲಿ ಕಾಕಾ? ಪಿಸ್ತೂಲ ಬದಲಿ ಮಾಡಿದ್ರ ಹೋಗೂದೇನು ಇದು?"

ಅರ್ಜುನಪ್ಪ ಸೊಂಟದ ಕೀಲಿಗಳನ್ನು ಬೆರಳಿನಲ್ಲಿ ತಿರುವಿದರು.

"ನಮ್ಮ ಬುದ್ಧ ವಿಹಾರದಾಗೂ ವಂದನಾ ಹೇಳ್ತೇವಿ," ಅಂದರು. "ಮುಂದ ಹೇಳಾಂವಗ ಮರತ್ರ, ಕೆಮ್ಮು ಬಂದ್ರ, ಹಿಂದ ಕೂತಾಂವ ಯಾವನಾರ ಹಿಡೀತಾನು. ಮುಗಿಸಿದ್ದು ಯಾರು ಅಂತ ಯಾರೂ ಕೇಳೂದಿಲ್ಲ. ನನಗ ನಿಮ್ಮ ಪದ್ಧತಿ ಗೊತ್ತಿಲ್ಲವ್ವಾ. ಆದ್ರ ಸಾಲು ನಿಂತಾಗ ಹಿಡಿಯೂದು ಪಾಪ ಅಂತ ನಿಮ್ಮ ದೇವರು ಅಂದಾನೋ, ನಿಮ್ಮಪ್ಪ ಅಂದಾರೋ?"

ಸೆಲಿನಾ ಮುದುಕಿಯನ್ನು ಹಿಡಿದು ಅಂಗೈ ಒತ್ತಿದಳು. ಮೂರು ತಿಂಗಳಿಂದ ಅವಳು ಮುಚ್ಚಿಟ್ಟುಕೊಂಡ ಇನ್ನೊಂದು ಸಂಗತಿ ಇತ್ತು: ಬೀಟೆಗೂ ಅಂಗೈಗೂ ನಡುವೆ ಈಗ ಸಂದು ಬಿದ್ದಿತ್ತು. ಅಪ್ಪನನ್ನು ಎತ್ತಿ, ಇಳಿಸಿ, ತೊಳೆದು, ತನ್ನ ಊಟ ಮರೆತು, ಕೈ ಇಳಿದುಹೋಗಿತ್ತು. ಅಚ್ಚಿಗೆ ಒತ್ತಿದ ಕೈ ಈಗ ಅವಳದಾಗಿರಲಿಲ್ಲ. ಅರ್ಜುನಪ್ಪನ ಕಣ್ಣಿಗೆ ಅದು ಬಿತ್ತು. ತಿರುಪುಳಿ ತಂದು ಎರಡು ತಿರುಪು ಬಿಚ್ಚಿ, ಮರದ ಹಿಡಿಯನ್ನಷ್ಟೇ ಕಳಚಿ ಅವಳ ಕೈಗಿಟ್ಟರು.

"ಮಾಸ್ತರ್ರಿಗೆ ತೋರಿಸು. ಮಾಡಿದಾಂವಗ ಗೊತ್ತಿರ್ತೈತಿ."

"ಬ್ಯಾಡ್ರಿ. ಅವರ ಕೈಯಾಗ ಆಗಿದ್ದು ಅದೊಂದ ಉಳದೈತಿ."

"ಅದಕ್ಕ ತೋರಿಸು ಅಂದೆ."

ಅವಳು ಬೆಂಚಿನ ಮುಂದೆ ಮೊಣಕಾಲೂರಿದಳು. ಹಿಡಿಯನ್ನು ತನ್ನ ಬಲಗೈಯಲ್ಲಿ ಹಿಡಿದು ಅಪ್ಪನ ಮುಂದೆ ಚಾಚಿದಳು. "ಪಪ್ಪಾ, ಇದ ಒಯ್ಯಲೇನು ಬೆಳಗಾವಿಗೆ?"

ಸೀಲಾಸ ಮಾಸ್ತರು ನೋಡಿದರು. ಎಡಗೈ ಎತ್ತಿ, ಮಗಳ ಅಂಗೈಗೂ ಮರಕ್ಕೂ ನಡುವಿನ ಸಂದಿನಲ್ಲಿ ಹೆಬ್ಬೆರಳು ತೂರಿಸಿದರು. ಹುಡುಗರು ಕೂಡಿಸಿ ತಂದ ಕುರ್ಚಿಯ ಕೀಲನ್ನು ಹೀಗೆಯೇ ಹೆಬ್ಬೆರಳಿನಿಂದ ಪರೀಕ್ಷಿಸುತ್ತಿದ್ದವರು ಅವರು. ಹೆಬ್ಬೆರಳು ಉಗುರಿನ ತನಕ ಒಳಗೆ ಹೋಯಿತು. ಮಾಸ್ತರ ಮುಖ ಬಿಗಿಯಿತು. ಹಿಡಿಯನ್ನು ಅವಳ ಕೈಯಿಂದ ಎಳೆದುಕೊಂಡರು, ತಮ್ಮ ತೊಡೆಯ ಮೇಲಿಟ್ಟುಕೊಂಡರು, ಅದರ ಮೇಲೆ ಅಂಗೈ ಮುಚ್ಚಿದರು. ಅವಳು ಮತ್ತೆ ಕೈ ಚಾಚಿದಾಗ ತಲೆಯಾಡಿಸಿದರು. ಲಾಯಕ್ಕಿಲ್ಲದ ಕೆಲಸವನ್ನು ಹುಡುಗನಿಂದ ಇಸಿದುಕೊಂಡು ಬದಿಗಿಡುವಾಗ ಆಡಿಸುತ್ತಿದ್ದ ಅದೇ ತಲೆ. ತುಟಿ ಮಾತ್ರ ಎಂದಿನಂತೆ ಅಲ್ಲಾಡುತ್ತಿತ್ತು. ಸೆಲಿನಾ ಅಷ್ಟು ಹತ್ತಿರದಿಂದ ಆ ತುಟಿಯನ್ನು ನೋಡಿರಲಿಲ್ಲ. ನೋಡಲು ಧೈರ್ಯ ಬಂದಿರಲಿಲ್ಲ. *ಕಾಲು ಸೋತು.* ನಿಲ್ಲುವುದು. *ಕಾಲು ಸೋತು.* ನಿಲ್ಲುವುದು. ಎಂಟು ತಿಂಗಳಿಂದ ಅಪ್ಪ ಅಲ್ಲೇ ನಿಂತಿದ್ದರು, ಗೋಡೆ ಹಿಡಿದುಕೊಂಡು.

"ನಾಲ್ಕಕ್ಕ ಎಂಟು ಮಿನಿಟು," ಅಂದಳು ಭಾಗ್ಯಾ. ದನಿಯಲ್ಲಿ ಚೇಷ್ಟೆ ಇರಲಿಲ್ಲ. "ಅಕ್ಕಾ, ಬಾ."

ಅರ್ಜುನಪ್ಪ ಇಟಲಿಯ ಪಿಸ್ತೂಲಿನ ಹಿಡಿಯ ಕೆಳಗಿನ ಪಟ್ಟಿಯನ್ನು ಸಡಿಲಿಸಿ, ಅವಳ ಇಳಿದ ಅಂಗೈಗೆ ತಾಗುವಂತೆ ಮೇಲೇರಿಸಿ ಬಿಗಿದರು. ಸೆಲಿನಾ ಐದು ಗುಂಡು ತುಂಬಿದಳು. ಕಿವಿ ಮುಚ್ಚಿಕೊಂಡಳು. ಲೋಕ ಸುಮ್ಮನಾಯಿತು.

ಕೆಂಪು. *ಬಿಸಿಲು ಏರಿ, ದಾರಿ ಬತ್ತಿ, ಕಾಲು ಸೋತು...* ದನಿ ನಿಂತಿತು. ಹಸಿರು ಹತ್ತಿತು. ಮುಂದಿನ ಎರಡು ಮಾತು ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಸೆಲಿನಾಳ ಕಿವಿ ಯಾರೋ ಹಿಂಡಿದಂತೆ ಉರಿಯಿತು. ಆದರೂ ಬಾಯಿ ತೆರೆದಳು. ಗಟ್ಟಿಯಾಗಿ, ಶೆಡ್ಡಿನ ತಗಡಿಗೆ ಬಡಿಯುವಂತೆ ಅಂದಳು: "ನಿನ್ನ ನೆರಳೇ ನನಗೆ ನೆಲೆ!"

ಗುಂಡು ಹಾರಿತು. ದೀಪ ಇನ್ನೂ ಹಸಿರಿತ್ತು.

ಎರಡನೆಯದು. ಮತ್ತೆ ಅರ್ಧಕ್ಕೆ ಕಡಿದಳು. ಮೂರನೆಯದು. ಪ್ರತಿ ಸಲವೂ ಅಪ್ಪನ ಮಾತಿನ ಮೇಲೆ ಕಾಲಿಟ್ಟು ದಾಟಿದಂತಾಯಿತು. ನಾಲ್ಕನೆಯದಕ್ಕೆ ಕಣ್ಣು ಮಂಜಾಗಿ ಗುರಿ ಎರಡಾಗಿ ಕಂಡಿತು; ಒತ್ತಿದಳು. ಐದನೆಯದಕ್ಕೆ ದನಿ ಒಡೆದು ಉತ್ತರ ಅರಚಾಟವಾಗಿ ಹೊರಬಿತ್ತು, ಒತ್ತಿದಳು.

ಅರ್ಜುನಪ್ಪ ದುರ್ಬೀನಿನಿಂದ ಗುರಿ ನೋಡಿದರು. "ಒಂಬತ್ತು, ಏಳು, ಎಂಟು. ಒಂದು ಆರು. ಒಂದು ಬಿಳೀದಕ್ಕ ಹೋಗೈತಿ, ನಾಲ್ಕು." ದುರ್ಬೀನು ಕೆಳಗಿಟ್ಟರು. "ಬೆಳಗಾವ್ಯಾಗ ಇಷ್ಟಕ್ಕ ಯಾರೂ ಹಾರ ಹಾಕೂದಿಲ್ಲ. ಆದ್ರ ಐದೂ ಹೊತ್ತಿಗೆ ಬಂದಾವ."

ಕನ್ನಡಕ ಏರಿಸಿ, ಕಾಗದದಲ್ಲಿ ಅವಳ ಹೆಸರಿನ ಮುಂದೆ ಇಟಲಿಯ ಪಿಸ್ತೂಲಿನ ನಂಬರನ್ನು ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತ ಬರೆದರು. ಹಿಡಿ ಕಳಚಿದ ಮುದುಕಿ ಮೇಜಿನ ಮೇಲೆ ಎಲುಬಿನಂತೆ ಬಿದ್ದಿತ್ತು. "ಇದಕ್ಕ ಹಳೇ ಪ್ಲಾಸ್ಟಿಕ್ ಹಿಡಿ ಐತಿ, ಭಾಗ್ಯಾಗ ಅದ ಸಾಕು. ಮಾಸ್ತರ್ರ ಸಾಮಾನು ಮಾಸ್ತರ್ರಿಗೇ ಇರಲಿ," ಅಂದರು.

ಆಟೊದಲ್ಲಿ ಸೆಲಿನಾ ಅಪ್ಪನ ಸೋತ ಕೈಯ ಕಡೆ ಕೂತಳು. ಗಬ್ಬೂರ ಸರ್ಕಲ್ಲಿನಲ್ಲಿ ಲಾರಿಗಳ ಸಾಲು ನಿಂತಿತ್ತು, ಆಟೊ ಅದರ ಹಿಂದೆ ನಿಂತಿತು. ಅಪ್ಪನ ತುಟಿ ಅಲ್ಲಾಡಿತು. ಆ ತುಟಿ ಅರ್ಧಕ್ಕೆ ನಿಂತಲ್ಲಿ ಅವಳು ಮೆಲ್ಲಗೆ "ನಿಂತ ಹೊತ್ತು" ಅಂದಳು, ಉತ್ತರವನ್ನೂ ತಾನೇ ಅಂದಳು. ಅಪ್ಪ ತಿರುಗಿ ನೋಡಲಿಲ್ಲ. ತುಟಿ ಮತ್ತೆ ಅಲ್ಲಾಡಿತು. ಅವಳು ಮತ್ತೆ ಮುಗಿಸಿದಳು. ಡ್ರೈವರ ಕನ್ನಡಿಯಲ್ಲಿ ಒಮ್ಮೆ ನೋಡಿದ.

ಇವತ್ತು ಶನಿವಾರ. ಮುಂದೆ ಆರು ದಿನ ಇದ್ದವು, ಅವುಗಳ ಆಚೆ ಏನಿದೆಯೋ ಅವಳಿಗೆ ಗೊತ್ತಿರಲಿಲ್ಲ. ಸೀಲಾಸ ಮಾಸ್ತರ ಎಡಗೈಯ ಹೆಬ್ಬೆರಳು ಬೀಟೆಯ ತಗ್ಗಿನಲ್ಲಿ, ಮಗಳ ಮೊದಲಿನ ಅಂಗೈ ಇದ್ದ ಜಾಗದಲ್ಲಿ, ಮುಂದಕ್ಕೂ ಹಿಂದಕ್ಕೂ ಸರಿದಾಡುತ್ತಿತ್ತು, ಎಷ್ಟು ಮರ ತುಂಬಬೇಕಾದೀತೆಂದು ಅಳೆಯುವ ಹಾಗೆ.