ನಾಲ್ಕನೆಯ ತೂತಿನ ಬೆಣೆ

ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ನಾನು ಎಂದಿನಂತೆ ಸಿಂಕಿನ ಮೇಲೆ, ಗೋಡೆಗೆ ಬಡಿದ ಕಬ್ಬಿಣದ ಬಳೆಯೊಳಗೆ ಕೂತಿದ್ದೆ. ತೊಳೆದ ಸೌಟು, ಚಮಚಗಳನ್ನು ನನ್ನ ಹೊಟ್ಟೆಯಲ್ಲಿ ಇಡುತ್ತಾಳೆ. ತಳದಲ್ಲಿ ತೂತುಗಳಿರುವುದರಿಂದ ನೀರು ತಾನೇ ಸೋರಿಹೋಗುತ್ತದೆ. ಅವಳ ಮಗಳು ಚಿನ್ಮಯಿ ಹಲ್ಲುಜ್ಜುತ್ತ, ಕತ್ತು ಓರೆ ಮಾಡಿ ನನ್ನ ಕೆಳಗೆ ನೋಡುತ್ತಿದ್ದಳು. ಮೂರು ಕಡೆ ಹನಿ ಬೀಳುತ್ತದೆ, ಒಂದು ಕಡೆ ಬೀಳುವುದಿಲ್ಲ. ಆ ಹುಡುಗಿ ಇದನ್ನು ಬಹಳ ದಿನಗಳಿಂದ ಗಮನಿಸಿದ್ದಾಳೆ.

"ಯವ್ವಾ, ಇದರಾಗ..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಮಹಾದೇವಿ ಹಿಟ್ಟಿನ ಕೈಯಲ್ಲೇ ಎದ್ದು ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

"ಮಾದೇವಿ, ಗುರುತು ಸಿಕ್ಕಿತೇನವಾ? ನಾ ಬಸಲಿಂಗಪ್ಪ. ನಿಮ್ಮವ್ವನ ದೊಡ್ಡಪ್ಪನ ಮಗ. ನಿನಗ ಸೋದರಮಾವ ಆಗಬೇಕು."

ಆ ದನಿ ಕೇಳಿ ನನ್ನ ಮೈಯ ಹಳೆಯ ಬಿರುಕುಗಳೆಲ್ಲ ಬಿಗಿದುಕೊಂಡವು. ಅವನ ಅಪ್ಪನ ಗಂಟಲೇ ಅದು. ನಾನು ಮರೆಯುವ ಜಾತಿಯವನಲ್ಲ. ಜಾಲಿಯ ಮರದಿಂದ ಬಂದವನು. ಜಾಲಿಯ ಮುಳ್ಳು ಒಣಗಿದ ಮೇಲೆ ಇನ್ನೂ ಚೆನ್ನಾಗಿ ಚುಚ್ಚುತ್ತದೆ.

ನಾನು ಒಂದು ಬಿತ್ತುವ ಬಟ್ಟಲು. ಕೂರಿಗೆಯ ನೆತ್ತಿಯ ಮೇಲೆ ನನ್ನ ಜಾಗ. ಎತ್ತುಗಳು ಕೂರಿಗೆ ಎಳೆಯುವಾಗ ಮನೆಯ ಹೆಣ್ಣುಮಗಳೊಬ್ಬಳು ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ, ಹಿಡಿಹಿಡಿಯಾಗಿ ನನ್ನೊಳಗೆ ಬಿಡುತ್ತಾಳೆ. ತೂತುಗಳ ಕೆಳಗೆ ಬಿದಿರ ಕೊಳವೆಗಳು. ಬೀಜ ಅವುಗಳಲ್ಲಿ ಇಳಿದು ಸಾಲುಸಾಲಾಗಿ ಮಣ್ಣು ಸೇರುತ್ತದೆ. ಎರೆಮಣ್ಣಿನ ಸೀಮೆಯ ಗುರುಬಸಪ್ಪ ಎಂಬ ರೈತ ತನ್ನ ಬದುವಿನ ಮರ ಕಡಿಸಿ ನನ್ನನ್ನು ಮಾಡಿಸಿದ. ಎಷ್ಟು ತೂತು ಕೊರೆಯಲಿ ಎಂದು ಬಡಿಗ ಕೇಳಿದಾಗ, "ನನಗ ನಾಕು ಗಂಡಸಮಕ್ಕಳು. ನಾಕು ಕೊರಿ. ನಾ ಸತ್ತ ಮ್ಯಾಲೂ ಒಬ್ಬೊಬ್ಬಗ ಒಂದೊಂದು ಸಾಲು ಇರಲಿ" ಎಂದ.

ಅಡಿವೆಪ್ಪ, ರುದ್ರಪ್ಪ, ಸೋಮಪ್ಪ, ಮುದಕಪ್ಪ. ನಾಲ್ವರ ಹೆಸರೂ ನನಗೆ ಬಾಯಿಪಾಠ.

ಕಿರಿಯವನಾದ ಮುದಕಪ್ಪನ ಹೆಂಡತಿ ದುಂಡವ್ವ. ಅವಳು ಮದುವೆಯಾಗಿ ಬಂದ ವರ್ಷದಿಂದ ನನ್ನಲ್ಲಿ ಬೀಜ ಬಿಟ್ಟವಳು ಅವಳೇ. ಹೆಬ್ಬೆರಳಿನಿಂದ ಸವರಿ ನಾಲ್ಕೂ ತೂತಿಗೆ ಸಮನಾಗಿ ಹಂಚುತ್ತಿದ್ದಳು. ಆ ಕೈಯ ಬೆವರಿನಿಂದಲೇ ನನ್ನ ಅಂಚು ನುಣುಪಾಯಿತು. ಗುರುಬಸಪ್ಪ ತೀರಿಕೊಂಡ. ಅವನ ಹಿಂದೆಯೇ ಮುದಕಪ್ಪನಿಗೆ ಹೊಲದಲ್ಲಿ ಹಾವು ಕಚ್ಚಿತು. ದುಂಡವ್ವನ ಸೊಂಟದಲ್ಲಿ ಒಂದು ಹೆಣ್ಣುಕೂಸು ಉಳಿಯಿತು.

ಮುಂದಿನ ಮುಂಗಾರಿಗೆ ಅವಳು ಉಡಿಯಲ್ಲಿ ಜೋಳ ತುಂಬಿಕೊಳ್ಳಲು ಬಂದಾಗ ಹಿರಿಯವನಾದ ಅಡಿವೆಪ್ಪ ತಡೆದ. "ಗಂಡ ಸತ್ತಾಕಿ ಕೈ ಬೀಜಕ್ಕ ಹತ್ತಬಾರದು. ನೀ ಕೂರಿಗಿ ತೊಳದಿಡು, ಸಾಕು."

"ಆತ್ರಿ ಭಾವ. ಅವರ ಪಾಲಿನ ಹೊಲ?"

"ನಿನಗಿರೂದು ಹೆಣ್ಣಕೂಸು. ನಾಳೆ ಇನ್ನೊಬ್ಬರ ಮನಿ ದೀಪ ಹಚ್ಚೂದು. ಹೊಲ ಕಟಗೊಂಡು ಏನ ಮಾಡ್ತೀ?" ಅದೇ ಸಂಜೆ ಊರವರ ಎದುರು ನಾಲ್ಕು ಪಾಲಾಗಬೇಕಾದ ಹೊಲವನ್ನು ಮೂರೇ ಪಾಲು ಮಾಡಿದ. ಉಳಿದಿಬ್ಬರು ತಲೆ ಆಡಿಸಿದರು.

ದುಂಡವ್ವ ಅಳಲಿಲ್ಲ. ನನ್ನನ್ನು ತೊಳೆಯಲು ಹಿತ್ತಲಿಗೆ ಒಯ್ದಳು. ಜಾಲಿಯ ತುಂಡೊಂದನ್ನು ಕೆತ್ತಿ ಬೆಣೆ ಮಾಡಿ, ನನ್ನ ನಾಲ್ಕನೆಯ ತೂತಿಗೆ ಜಡಿದಳು. ನೋವಾಯಿತು. ಆದರೆ ಅಂಥ ನೋವನ್ನು ನಾನು ಇನ್ನೊಮ್ಮೆ ಬೇಡಿ ಪಡೆದೇನು. ಮರುದಿನ ಕೂರಿಗೆ ಪೂಜೆ. ಅಡಿವೆಪ್ಪನ ಹೆಂಡತಿಯೇ ತನ್ನ ಬಳೆಗೈಯಿಂದ ನನಗೆ ಕೆಮ್ಮಣ್ಣು ಬಳಿದಳು. ಬೆಣೆ ಪೂರ್ತಿ ಮುಚ್ಚಿಹೋಯಿತು. ಬೀಜ ಬಿಟ್ಟವಳೂ ಅವಳೇ. ಒಲೆಯ ಮುಂದಿನಿಂದ ಎದ್ದು ಬಂದ ಹೆಂಗಸು, ಗಂಡನ ಬೈಗುಳಕ್ಕೆ ಉತ್ತರ ಕೊಡುತ್ತ ಬೀಜ ಸುರಿದಳೇ ಹೊರತು ಒಳಗೆ ನೋಡಲಿಲ್ಲ. ಹಿಂದೆಯೇ ಕುಂಟೆ ಬಂದು ಸಾಲುಗಳನ್ನೆಲ್ಲ ಮಣ್ಣಿನಲ್ಲಿ ಮುಚ್ಚಿತು.

ಜೋಳ ಮೊಳೆತಾಗ ಊರು ನಕ್ಕಿತು. ಮೂರು ಸಾಲು ಹಸಿರು, ಒಂದು ಸಾಲು ಬರಿಮಣ್ಣು. ಅಡಿವೆಪ್ಪನ ಪಾಲಿನ ಹೊಲವೆಲ್ಲ ಹಾಗೆಯೇ.

"ಏನೋ ಅಡಿವೆಪ್ಪ, ಹೊಲಕ್ಕ ಎಣ್ಣಿ ಹಚ್ಚಿ ಬೈತಲಿ ತಗದೀ?"

ಅವನು ಯಾರದೋ ಕಣ್ಣು ತಾಗಿದೆ ಎಂದು ಶಾಸ್ತ್ರ ಕೇಳಲು ಹೋದ. ಶಾಸ್ತ್ರ ಹೇಳುವವರು ಅಮಾಸೆಯವರೆಗೆ ಹೊಲಕ್ಕೆ ಕಾಲಿಡಬೇಡ ಎಂದು ಹೇಳಿ ಕಳಿಸಿದರು. ಅವನು ಕಾಲಿಡಲಿಲ್ಲ. ದುಂಡವ್ವ ಇಟ್ಟಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಕುಡುಗೋಲಿನ ತುದಿಯಿಂದ ಕೆದರಿ, ಬರಿ ಸಾಲುಗಳಲ್ಲೆಲ್ಲ ತೊಗರಿ ಊರಿದಳು. ಅಮಾಸೆ ಕಳೆದು ಅವನು ಬರುವ ಹೊತ್ತಿಗೆ ತೊಗರಿ ಎಲೆ ಬಿಟ್ಟಿತ್ತು. ಕೀಳಲು ಬಗ್ಗಿದವನನ್ನು ಊರ ಹಿರಿಯರು ತಡೆದರು. "ಹಸರು ಕಿತ್ತೀಯೋ, ಭೂಮಿತಾಯಿ ಬಸುರಿಗೆ ಕೈ ಹಾಕಿದಂಗ. ಬಿತ್ತಿದಾಕಿ ಬೆಳಿ ಅದು."

ಆಮೇಲಿನದೇ ನಿಜವಾದ ಸೇಡು. ಜೋಳ ಬೇಗ ಕೊಯ್ಲಿಗೆ ಬಂದಿತು, ತೊಗರಿ ಬರಲಿಲ್ಲ. ಅದು ಚಳಿಗಾಲದವರೆಗೂ ಹೊಲದಲ್ಲಿ ನಿಲ್ಲುವ ಬೆಳೆ. ಊರೆಲ್ಲ ಹಿಂಗಾರಿಗೆ ಕಡಲೆ ಬಿತ್ತುವಾಗ ಅಡಿವೆಪ್ಪ ಬದುವಿನ ಮೇಲೆ ಕೂತು ದುಂಡವ್ವನ ತೊಗರಿಯ ಹೂವು ನೋಡುತ್ತಿದ್ದ. ಕುಂಟೆ ಹೊಡೆಯುವಂತಿಲ್ಲ, ನೇಗಿಲು ಹೂಡುವಂತಿಲ್ಲ. ಕಾಯಿ ಬಲಿತ ಮೇಲೆ ಅವಳು ಹೊರೆಗಳನ್ನು ತಲೆಯ ಮೇಲೆ ಹೊತ್ತು, ಹತ್ತಿರದ ದಾರಿ ಬಿಟ್ಟು, ಪ್ರತಿ ಸಲವೂ ಅವನ ಕಟ್ಟೆಯ ಮುಂದಿನಿಂದಲೇ ಹೋದಳು.

ಸಿಟ್ಟಿಗೆ ಅವನು ಕೂರಿಗೆಯನ್ನು ಕೊಡಲಿಯಿಂದ ಒಡೆದ. ನಾನು ಉರುಳಿ ಹಿತ್ತಲಿಗೆ ಬಿದ್ದೆ. ಕೆಮ್ಮಣ್ಣು ಉದುರಿ ಬೆಣೆ ಕಂಡಿತು. ದುಂಡವ್ವ ನನ್ನನ್ನು ಎತ್ತಿ ಉಡಿಗೆ ಹಾಕಿಕೊಂಡಳು. "ಹೂಂ ರೀ ಭಾವ, ನಾನೇ. ಇದು ನನ್ನ ಗಂಡನ ಸಾಲು. ಮುಚ್ಚಿದವರು ನೀವು, ನಾ ಬರೇ ಬೆಣಿ ಬಡದೇನಿ" ಎಂದಳು. ಅದೇ ದಿನ ಮಗಳೊಂದಿಗೆ ಗದಗಿಗೆ ಹೊರಟುಬಂದು, ಅರಳೆ ಬಿಡಿಸುವ ಕೆಲಸಕ್ಕೆ ಸೇರಿದಳು.

ಹೊಲ ಸಿಗಲಿಲ್ಲ. ಅಡಿವೆಪ್ಪ ಇನ್ನೂ ದೊಡ್ಡ ಪೆಟ್ಟು ಕೊಟ್ಟ: ತಮ್ಮನ ಹೆಸರನ್ನೇ ಬಾಯಿಂದ ತೆಗೆದುಹಾಕಿದ. ಅವನ ಮಕ್ಕಳಿಗೆ ಕಿರಿಯ ಕಾಕಾ ಇದ್ದನೆಂದೇ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಗೊತ್ತಿಲ್ಲ. ಸಾಯುವ ಮುಂಚೆ ದುಂಡವ್ವ ಮಗಳಿಗೆ ಹೇಳಿದಳು: "ಬೆಣಿ ತಗೀಬ್ಯಾಡ. ನಾವಾಗೇ ಹೇಳಿದರ ಯಾರೂ ನಂಬೂದಿಲ್ಲ. ಯಾರರ ಕೇಳತಾರ. ಅವತ್ತ ಹೇಳು." ಆ ಮಗಳ ಮನೆಯಲ್ಲಿ ನಾನು ಕೊಡಕ್ಕೆ ಸಿಂಬಿಯಾಗಿದ್ದೆ. ಯಾರೂ ಕೇಳಲಿಲ್ಲ. ತವರಿನಿಂದ ಒಂದು ಕುಪ್ಪಸದ ಖಣವನ್ನೂ ಕಾಣದೆ, ಅವ್ವನ ಆ ಮಾತನ್ನು ತನ್ನ ಮಗಳಿಗೂ ಒಪ್ಪಿಸಿ ಅವಳು ತೀರಿಕೊಂಡಳು. ಅವಳ ಮಗಳು ಮಹಾದೇವಿ ನನ್ನನ್ನು ಚಮಚಕ್ಕೆ ಇಟ್ಟುಕೊಂಡಳು. ನನಗೀಗ ಮುಪ್ಪು. ಹುಳ ಒಳಗೆ ಕೊರೆಯುವುದು ಕೇಳಿಸುತ್ತದೆ. ಬೆಣೆ ಮಾತ್ರ ಗಟ್ಟಿಯಾಗಿದೆ.

ಅಡಿವೆಪ್ಪನ ಮಗ ಬಸಲಿಂಗಪ್ಪ ಈಗ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ. ಚೀಲದಿಂದ ಸೀರೆ, ಖಣ, ಕೊಬ್ಬರಿ ಬಟ್ಟಲು ತೆಗೆದಿಟ್ಟ.

"ತವರ ಉಡಿ, ತಗೋ ಮಗಳ. ನಮ್ಮ ಮನೆತನದ ಮೂಲ ಹುಡಕ್ಯಾಡಿ ಎಲ್ಲಾ ಒಂದ ಕಡೆ ಮಾಡೇನಿ. ಗುರುಬಸಪ್ಪಜ್ಜ, ಅವನ ಮೂರು ಮಕ್ಕಳು ಅಡಿವೆಪ್ಪ, ರುದ್ರಪ್ಪ, ಸೋಮಪ್ಪ. ಹೊಲದ ಬಾವಿ ಮುಂದ ಕಲ್ಲಿನ್ಯಾಗ ಕೆತ್ತಸಾಕತ್ತೇನಿ. ಮಗಗೊಂದರಂಗ ತೂತು ಕೊರಸಿದ ಅಜ್ಜನ ಬಟ್ಟಲ ನಿಮ್ಮಲ್ಲಿ ಐತಂತಲ್ಲ, ಕೊಟ್ಟುಬಿಡು. ಕಲ್ಲಿನ ಮುಂದ ಗಾಜಿನ್ಯಾಗ ಇಡಸ್ತೇನಿ."

ಮಹಾದೇವಿ ಖಣದ ಮೇಲೆ ಬೆರಳಾಡಿಸಿದಳು. ಅವಳ ಅವ್ವ ಬದುಕೆಲ್ಲ ಕಾದ ಖಣ ಅದು. ಸುಮ್ಮನಿದ್ದರೆ ತವರು ಸಿಗುತ್ತದೆ, ಮಾತಾಡಿದರೆ ಹೋಗುತ್ತದೆ.

"ಚಾ ಕುಡೀರಿ ಮಾವ" ಎಂದಳು. ಎದ್ದು ನನ್ನೊಳಗಿನ ಚಮಚಗಳನ್ನು ತೆಗೆದಿಟ್ಟು ನನ್ನನ್ನು ತೊಳೆದಳು. ನಾನು ಒಳಗೇ ಕುದಿಯುತ್ತಿದ್ದೆ. ನನ್ನನ್ನು ತೊಳೆದಾಗಲೆಲ್ಲ ಅರಿವೆಯಿಂದ ಒರೆಸುವವಳು ಇವತ್ತು ಒರೆಸಲಿಲ್ಲ. ತಳಕ್ಕೆ ಅಂಗೈ ಒತ್ತಿ ಹಿಡಿದು, ನಲ್ಲಿಯ ಕೆಳಗೆ ಅಂಚಿನವರೆಗೂ ನೀರು ತುಂಬಿ, ಮಗಳ ಎರಡೂ ಅಂಗೈಗಳ ಮೇಲೆ ಇಟ್ಟಳು.

"ಅಜ್ಜಗ ಕೊಡು ಹೋಗು."

ಚಿನ್ಮಯಿ ತಳದಿಂದ ಅಂಗೈ ತೆಗೆದು, ಅಂಚು ಹಿಡಿದು ನನ್ನನ್ನು ಅವನ ಮುಂದೆ ಎತ್ತಿದಳು. ಅವನ ಬಿಳಿ ಧೋತರದ ಮೇಲೆ ನೀರು ಮೂರು ಧಾರೆಯಾಗಿ ಇಳಿಯಿತು. ಅವನು ಕಾಲು ಹಿಂದಕ್ಕೆಳೆದುಕೊಂಡ. ಹುಡುಗಿ ಕತ್ತು ಓರೆ ಮಾಡಿ ನನ್ನ ತಳ ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ಅಜ್ಜಾ, ಮಕ್ಕಳು ಮೂರೇ ಮಂದಿ ಅಂದ್ರ, ಇದಕ್ಕ ತೂತು ನಾಕ ಯಾಕ ಅದಾವು?"