ಕೂಗಳತೆಯ ಕೆಲಸ

ಕೂಗಳತೆಯ ಅಂಗಡಿ, ಕೂಗಳತೆಯ ಬಸ್‌ಸ್ಟಾಪು ಎಂದು ಬಾಡಿಗೆ ಮನೆ ತೋರಿಸುವವರು ಬಾಯಿಗೆ ಬಂದಂತೆ ಹೇಳುತ್ತಾರೆ. ಹೋಗಿ ನೋಡಿದರೆ ಗಂಟಲು ಹರಿದುಕೊಂಡರೂ ಯಾರಿಗೂ ಕೇಳಿಸುವುದಿಲ್ಲ. ನೆಲದಡಿಯ ನೀರಿನ ತೊಟ್ಟಿಗಳಿಗೆ ಬಣ್ಣ ಬಳಿಯುವ ನಮಗೆ ಆ ಮಾತಿನಲ್ಲಿ ತಮಾಷೆ ಇಲ್ಲ. ಒಬ್ಬರು ಒಳಗೆ, ಒಬ್ಬರು ತೊಟ್ಟಿಯ ಬಾಯಿಯ ಹತ್ತಿರ. ಮೇಲಿನವರು ಕೂಗಬೇಕು, ಒಳಗಿನವರು "ಓ" ಅನ್ನಬೇಕು. ಕೂಗಳತೆ ದಾಟಬಾರದು. ಅಪ್ಪ ಕಲಿಸಿದ್ದು ಇಷ್ಟೇ.

ಆ ದಿನ ಒಳಗಿದ್ದವನು ನನ್ನ ತಮ್ಮ, ಮೇಲೆ ಕುಳಿತವಳು ನಾನು. ಬೇರೆಯವರ ಜೊತೆ ಕೆಲಸಕ್ಕೆ ಹೋಗುತ್ತೇನೆಂದು ಬೆಳಗ್ಗೆಯೇ ಜಗಳ ತೆಗೆದಿದ್ದ. "ಹೋಗು, ಅಲ್ಲಿ ನಿನ್ನ ಮೂತಿ ನೋಡ್ಕೊಂಡು ಯಾರು ಕೂತಿರ್ತಾರೋ ನೋಡೋಣ" ಅಂದಿದ್ದೆ. ಸಿಟ್ಟು ಬಂದರೆ ಅವನ ಬಾಯಿಗೆ ಬೀಗ. ಊಟಕ್ಕೆ ಕರೆದರೂ ಓಗೊಡುವುದಿಲ್ಲ. ಮನೆಯಲ್ಲಿ ಅವನಿಗೆ ಗುಮ್ಮ ಎಂದೇ ಹೆಸರು.

ತೊಟ್ಟಿಯ ನಡುವೆ ಗೋಡೆಯಿತ್ತು. ಅದರ ಆಚೆ ಹೋದವನು ಕಾಣುತ್ತಿರಲಿಲ್ಲ. ಬಣ್ಣದ ಘಾಟಿಗೆ ಮೇಲೆ ಕುಳಿತ ನನಗೇ ಕಣ್ಣಲ್ಲಿ ನೀರು. ಅಷ್ಟರಲ್ಲಿ ಕರೆಂಟು ಹೋಗಿ, ಒಳಗೆ ಗಾಳಿ ಬಿಡುತ್ತಿದ್ದ ಫ್ಯಾನು ನಿಂತಿತು.

"ಏ, ಮೇಲೆ ಬಾರೋ!"

"ಒಂದು ಮೂಲೆ ಬಾಕಿ ಇದೆ. ಸುಮ್ನಿರು" ಎಂದು ಸಿಡುಕಿದ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದೆ. ಉತ್ತರವಿಲ್ಲ.

"ನಿನ್ನ ಬಿಗುಮಾನ ಮನೇಲಿಟ್ಕೋ. ಇಲ್ಲಿ ಓ ಅನ್ನು!"

ಇಲ್ಲ. ಅವನ ಸೊಂಟದ ಹಗ್ಗದ ತುದಿ ನನ್ನ ಕೈಯಲ್ಲೇ ಇತ್ತು. ಹಿಂದೊಮ್ಮೆ ಸುಮ್ಮಸುಮ್ಮನೆ ಎಳೆದು ಅವನನ್ನು ಹಸಿ ಬಣ್ಣದ ಮೇಲೆ ಬೀಳಿಸಿದ್ದಕ್ಕೆ ಮಹಾರಾಯ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ. ಎಳೆಯಲೋ ಬೇಡವೋ? ಸಿಟ್ಟೇ ಮುಂದಾಯಿತು. ಬೇಕಾದರೆ ಅವನೇ ಓ ಅನ್ನಲಿ, ಎಂದು ಕುಳಿತೆ.

ಹಗ್ಗ ಅಲುಗುತ್ತಿಲ್ಲ ಎಂಬುದು ಆಮೇಲೆ ಕಣ್ಣಿಗೆ ಬಿತ್ತು. ಬಣ್ಣ ಬಳಿಯುವವನ ಹಗ್ಗ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ.

ಎಳೆದೆ. ಬರಲಿಲ್ಲ. "ಅಣ್ಣಾ, ಓಡಿ ಬಾ!" ಎಂದು ಗೇಟಿನ ಕಾವಲುಗಾರನನ್ನು ಕಿರುಚಿ ಕರೆದೆ. ಇಬ್ಬರೂ ಬಲ ಹಾಕಿ ಎಳೆದೆವು. ಗೋಡೆಗೆ ತರಚಿಕೊಂಡು, ಮೂಟೆಯ ಹಾಗೆ ಮೇಲೆ ಬಂದ. ತುಟಿ ನೀಲಿಯಾಗಿತ್ತು. ಕೆನ್ನೆ ತಟ್ಟಿದೆ, ಅತ್ತೆ, ಬೈದೆ.

ಕೊನೆಗೂ ಕೆಮ್ಮಿ ಕಣ್ಣು ಬಿಟ್ಟ. ಹೋದ ಜೀವ ಬಂದಂತಾಯಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಸಾಯೋ ಹೊತ್ತಲ್ಲೂ ಹಟಾನೇನೋ? ಒಂದು ಓ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನ ತುಟಿ ಅಲುಗಿತು. ಬಗ್ಗಿ, ಬಾಯಿಗೆ ಕಿವಿ ಹಚ್ಚಿದೆ. ಆಗಲೂ ಅರ್ಧಂಬರ್ಧ ಕೇಳಿಸಿತು.

"ನೀನು ಕೂಗಿದ್ದೆಲ್ಲ ಕೇಳಿಸ್ತು ಕಣಕ್ಕ. ಓ ಅಂತಾನೇ ಇದ್ದೆ."