ಅತ್ತಿಗೆಯ ಕಡೆಯವರು

ತೋಳಿನ ಮಡಿಕೆಗೆ ನೀರು ಚಿಮುಕಿಸಿ ಅವನು ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಗುಂಡಿಗಳ ನಡುವೆ ತೂರಿಸಿದ. ಅತ್ತಿಗೆಗೆ ಉಡಿಸಬೇಕಾದ ಹಸಿರು ಸೀರೆಯ ರವಿಕೆ. ಬೀದಿಯವರ ಬಟ್ಟೆಯನ್ನೆಲ್ಲ ಗರಿಗರಿ ಮಾಡಿಕೊಟ್ಟವಳು ತನ್ನದನ್ನು ಮಾತ್ರ ಒಗೆದು, ಕೊಡವಿ, ಹಾಗೇ ಉಟ್ಟುಕೊಳ್ಳುತ್ತಿದ್ದಳು. ಇವತ್ತಾದರೂ ಒಂದು ಸುಕ್ಕಿರಬಾರದೆಂದು ಅವನಿಗೆ ಹಟ.

ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಒಳಗೆ ನಡುಮನೆಯಲ್ಲಿ ಅತ್ತಿಗೆಯನ್ನು ಮಲಗಿಸಿದ್ದರು. ನಿನ್ನೆ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ.

"ನನ್ನ ಮದುವೆ ಕೋಟಿಗೆ ಇಸ್ತ್ರಿ ಹಾಕಿದ್ದು ಇವರೇ," ಪಕ್ಕದ ಸೈಕಲ್ ಅಂಗಡಿಯವನು ಯಾರಿಗೋ ಹೇಳುತ್ತಿದ್ದ. "ಸಂಸಾರ ಯಾವತ್ತೋ ಮುದುಡಿಹೋಯ್ತು. ಕೋಟು ಇನ್ನೂ ನೆಟ್ಟಗಿದೆ."

ಯಾರೋ ನಕ್ಕು, ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು.

ಅಣ್ಣ ಬಂದು ಬಟ್ಟೆ ಎತ್ತಿಕೊಂಡ. ಅತ್ತು ಅತ್ತು ಅವನ ಮುಖ ಊದಿತ್ತು. ಹೋಗುವಾಗ ಅತ್ತಿಗೆಯ ಫೋನನ್ನು ತಮ್ಮನ ಕೈಗಿತ್ತ.

"ಗಿರಾಕಿಗಳೆಲ್ಲ ಇದರಲ್ಲೇ ಇದ್ದಾರೆ. ಸಂಜೆ ಎತ್ತೋದು ಅಂತ ತಿಳಿಸಿಬಿಡೋ. ನನ್ನ ಕೈಲಾಗಲ್ಲ."

ದುಃಖದಲ್ಲಿ ಅಣ್ಣನಿಗೆ ಮರೆತೇಹೋಗಿತ್ತು. ಅಂಥ ಸ್ಮಾರ್ಟ್‌ಫೋನನ್ನು ತಮ್ಮನ ಕೈಗೆ ಯಾರೂ ಕೊಡುತ್ತಿರಲಿಲ್ಲ; ಎರಡು ವರ್ಷದಿಂದ ಅವನೂ ಕೇಳಿರಲಿಲ್ಲ. ಅವನ ಜೇಬಿನಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು, ಬರೀ ಮಾತಿಗೆ.

*

ಆಗ ಅವನು ಫೋನಿನಲ್ಲಿ ಯುದ್ಧದಾಟ ಆಡುತ್ತಿದ್ದ. ಆಡುತ್ತಿದ್ದ ಅಂದರೆ ಸಾಲದು, ಅದರೊಳಗೇ ವಾಸವಾಗಿದ್ದ. ಮನೆಯಲ್ಲಿ ಅವನಿಗೆ ಉಳಿದಿದ್ದ ಹೆಸರು ದಂಡಪಿಂಡ. ಅಲ್ಲಿ ಅವನು ಕ್ಯಾಪ್ಟನ್. ಐದು ನಿಮಿಷ ಕಾಣದಿದ್ದರೆ ಸಾಕು, ಎಂದೂ ಮುಖ ನೋಡದ ತಂಡದ ಅಷ್ಟೂ ಜನ "ಕ್ಯಾಪ್ಟನ್ ಎಲ್ಲಿ? ಕ್ಯಾಪ್ಟನ್ ಇಲ್ದೆ ಆಗಲ್ಲ" ಎಂದು ಕರೆಯುತ್ತಿದ್ದರು. ಕರೆದಾಗಲೆಲ್ಲ ಫೋನು ನಡುಗುತ್ತಿತ್ತು, ಜೊತೆಗೆ ಅವನೂ. ಸ್ನಾನ ಬಿಟ್ಟಿತು, ನಿದ್ದೆ ಬಿಟ್ಟಿತು, ಸಿಕ್ಕಿದ್ದ ಕೆಲಸವೂ ಬಿಟ್ಟುಹೋಯಿತು. ಅಕ್ಕ ಒಂದು ಫೋನನ್ನು ನೆಲಕ್ಕೆ ಅಪ್ಪಳಿಸಿದಳು. ಅವನು ಇನ್ನೊಂದು ತಂದ.

ಒಂದು ಮಧ್ಯಾಹ್ನ ಅತ್ತಿಗೆ ಊಟದ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕುಳಿತಳು.

"ನಂಗೂ ಹೇಳಿಕೊಡೋ."

ಆಡಿದಳು. ಆಡಿದ ಕೂಡಲೇ ಸತ್ತಳು, ಮತ್ತೆ ಸತ್ತಳು. ಕೊನೆಗೊಮ್ಮೆ ಒಬ್ಬನನ್ನು ಹೊಡೆದುರುಳಿಸಿದಾಗ ಇಡೀ ತಂಡ ಶಭಾಷ್ ಎಂದು ಕೂಗಿತು. ಅವಳ ಕಿವಿ ಕೆಂಪಾಯಿತು. ಫೋನನ್ನು ಮೆಲ್ಲಗೆ ಮಂಚದ ಮೇಲಿಟ್ಟಳು.

"ತುಂಬಾ ಚೆನ್ನಾಗಿದೆ ಕಣೋ. ನಂಗೆ ಯಾರೂ ಯಾವತ್ತೂ ಶಭಾಷ್ ಅಂದಿರ್ಲಿಲ್ಲ." ತಟ್ಟೆಯನ್ನು ಅವನತ್ತ ಸರಿಸುತ್ತ, "ಇಷ್ಟು ಚೆನ್ನಾಗಿರೋದಕ್ಕೇ ಹೆದರಿಕೆ," ಎಂದಳು. ಆಮೇಲೆ ಕೇಳಿದಳು: "ನಾನು ಮಾತಾಡಿದ್ರೆ ಅವರಿಗೆ ಕೇಳುತ್ತಾ?"

"ಕೇಳುತ್ತೆ. ಆದ್ರೆ ಬೇಡ ಅತ್ತಿಗೆ, ಮಾನ ಹೋಗುತ್ತೆ—"

"ಹಲೋ, ನಾನು ನಿಮ್ಮ ಕ್ಯಾಪ್ಟನ್‌ನ ಅತ್ತಿಗೆ. ಇವನು ನಿನ್ನೆಯಿಂದ ಊಟ ಮಾಡಿಲ್ಲ. ನೀವಾದ್ರೂ ಮಾಡಿದ್ರೇನ್ರೋ?"

ಗುಂಡಿನ ಸದ್ದು ನಿಂತಿತು. ಒಂದು ಎಳೆಯ ದನಿ ಹೇಳಿತು: "ಇಲ್ಲ ಅತ್ತಿಗೆ." ಇನ್ನೊಂದು: "ನಾನೂ ಇಲ್ಲ."

"ಹಾಗಾದ್ರೆ ಏಳಿ. ಯುದ್ಧ ಎಲ್ಲಿಗೂ ಓಡಿಹೋಗಲ್ಲ."

ಆಮೇಲೆ ಅದು ದಿನದ ಪರಿಪಾಠವಾಯಿತು. ಮಧ್ಯಾಹ್ನವಾದರೆ ಆ ಹುಡುಗರೇ "ಅತ್ತಿಗೆ ಬಂದ್ರಾ?" ಎಂದು ಕೇಳುತ್ತಿದ್ದರು. ಅವಳು ಅಷ್ಟಕ್ಕೆ ಬಿಡಲಿಲ್ಲ. ಅಂಗಡಿಯಿಂದ ಕೂಗುತ್ತಿದ್ದಳು: "ಲೋ ಕ್ಯಾಪ್ಟನ್, ಕಾಲರ್ ನಿಲ್ತಿಲ್ಲ, ಬಾರೋ!" ಅವಳ ಕೈಯಲ್ಲಿ ಯಾವ ಕಾಲರಾದರೂ ನಿಲ್ಲುತ್ತಿತ್ತು. ಅದು ಅವನಿಗೆ ಹೊಳೆದದ್ದು ಬಹಳ ತಡವಾಗಿ.

ಇಸ್ತ್ರಿಗೆ ಎರಡು ಕೈಯೂ ಬೇಕು, ಕಣ್ಣೂ ಬೇಕು. ಒಮ್ಮೆ ನೀರಿನ ಡಬ್ಬಿಗೆ ಫೋನು ಒರಗಿಸಿಕೊಂಡು ಆಡುತ್ತ ಒಬ್ಬ ಮೇಷ್ಟರ ಅಂಗಿಯ ಬೆನ್ನನ್ನು ಸುಟ್ಟುಬಿಟ್ಟ. ಅತ್ತಿಗೆ ಬೈಯಲಿಲ್ಲ. ಅವನನ್ನು ಕರೆದುಕೊಂಡು ಮೇಷ್ಟರ ಮನೆಗೆ ಹೋಗಿ, "ಅಂಗಿ ಸುಟ್ಟುಬಿಟ್ವಿ ಸಾರ್," ಎಂದಳು. ಸುಟ್ಟವನು ಅವನೊಬ್ಬ. ಅವಳು ಹೇಳಿದ್ದು ಇಬ್ಬರನ್ನೂ ಸೇರಿಸಿ. ಮನೆಗೆ ಬಂದವನೇ ಫೋನನ್ನು ತಾನಾಗಿ ಅವಳ ಕೈಯಲ್ಲಿಟ್ಟ.

*

ಗಿರಾಕಿಗಳಿಗೆಲ್ಲ ತಿಳಿಸಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು; ಅಕ್ಕ ಬಾಗಿಲಲ್ಲಿ ಕಂಡಳು. ಅವಳ ಕಣ್ಣು ನೇರ ಫೋನಿಗೆ ಬಿತ್ತು.

"ಇವತ್ತೂನಾ? ಅವಳಿನ್ನೂ ಒಳಗೆ ಮಲಗಿದ್ದಾಳೆ, ನಿಂಗೆ ಆಟಾನಾ?"

"ಅಕ್ಕಾ, ಅಣ್ಣಾನೇ ಕೊಟ್ಟ—"

"ಸಾಕು ಸುಮ್ನಿರು. ಅವಳಿದ್ಲು, ಕರೆದು ಕರೆದು ಕೂರಿಸ್ಕೊಂಡ್ಲು. ಇನ್ಯಾರು ಕರೀತಾರೋ ನಿನ್ನ?"

ಬಂದವರೆಲ್ಲ ತಿರುಗಿ ನೋಡಿದರು. ಅವನು ಬಟ್ಟೆಗಂಟುಗಳ ಹಿಂದೆ ಹೋಗಿ ಗೋಡೆಗೆ ಒರಗಿದ. ಇನ್ಯಾರು ಕರೀತಾರೆ? ಅವನ ಹೆಬ್ಬೆರಳಿಗೆ ಉತ್ತರ ಗೊತ್ತಿತ್ತು. ಆಟ ಫೋನಿಗೆ ಇಳಿಯಿತು, ತೆರೆಯಿತು. ಗುಪ್ತಪದವನ್ನು ಬೆರಳು ಮರೆತಿರಲಿಲ್ಲ.

"ಕ್ಯಾಪ್ಟನ್!" "ಗುರುವೇ, ಬದುಕಿದ್ಯಾ!" "ಕ್ಯಾಪ್ಟನ್ ಬಂದ, ಎಲ್ರೂ ಬನ್ರೋ!" ಪ್ರತಿ ಹೆಸರಿನ ಪಕ್ಕ, ಇಲ್ಲೇ ಇದ್ದೇನೆಂಬಂತೆ, ಒಂದು ಹಸಿರು ಚುಕ್ಕೆ. ಎದೆ ಬೆಚ್ಚಗಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

"ನಮ್ಮ ಅತ್ತಿಗೆ ಹೋಗ್ಬಿಟ್ರು," ಎಂದು ಬರೆದ.

"ಅಯ್ಯೋ ಪಾಪ," ಗೊತ್ತಿಲ್ಲದ ಹೆಸರೊಂದು ಉತ್ತರಿಸಿತು. "ಒಬ್ಬ ಕಮ್ಮಿ ಇದ್ದಾನೆ. ಬರ್ತೀಯಾ?"

ಬೆರಳು ಆಟ ಶುರುಮಾಡುವ ಗುಂಡಿಯ ಮೇಲಿತ್ತು. ಯಾವಾಗ ಹೋಯಿತೋ ಅವನಿಗೇ ತಿಳಿಯದು.

ಅಷ್ಟರಲ್ಲಿ ಒಂದು ದನಿ. ಅಂದು ಊಟ ಇಲ್ಲವೆಂದಿದ್ದ ಆ ಎಳೆಯ ದನಿಯೇ, ಈಗ ಒಡೆದು ಗಡುಸಾಗಿತ್ತು. "ಯಾವ ಅತ್ತಿಗೆ? ನಮ್ಮ ಅತ್ತಿಗೇನಾ?"

"ಹೂಂ."

"ಇವತ್ತು ಆಟ ಬೇಡ," ದನಿ ಹೇಳಿತು. "ಎಲ್ರೂ ಹೊರಡಿ."

"ಯಾರೋ ಅದು ಅತ್ತಿಗೆ?" ಹೊಸಬ ಕೇಳಿದ.

"ನಿಂಗೆ ಗೊತ್ತಾಗಲ್ಲ, ನಡಿ."

ಒಂದು ಚುಕ್ಕೆ ಆರಿತು. ಮತ್ತೊಂದು. ಮೇಲಿಂದ ಕೆಳಗೆ ಹೆಸರುಗಳು ಬೂದುಬಣ್ಣಕ್ಕೆ ತಿರುಗುತ್ತ ಬಂದವು. ಹೊಸಬನದ್ದು ಸ್ವಲ್ಪ ತಡೆದು ಆರಿತು. ಉಸಿರಾಡುವ ಸದ್ದು ಕೇಳಿ ಅವನು ತಲೆಯೆತ್ತಿದ. ಅಕ್ಕ ಹಿಂದೆಯೇ ನಿಂತಿದ್ದಳು. ಬೈಯಲು ಬಂದವಳು ಬಾಯಿ ತೆರೆದುಕೊಂಡೇ ಇದ್ದಳು.

"ಯಾರೋ ಇವರೆಲ್ಲ?"

"ಅತ್ತಿಗೆ ಕಡೆಯವರು."

"ಲೋ, ಎಲ್ಲಿದ್ದೀಯೋ?" ಒಳಗಿನಿಂದ ಅಣ್ಣ ಕೂಗಿದ. "ಹೆಗಲು ಕೊಡು ಬಾರೋ!"

ಅವನು ಫೋನನ್ನು ಅಕ್ಕನ ಕೈಗಿಟ್ಟ. ಅದರಲ್ಲಿ ಉಳಿದಿದ್ದದ್ದು ಒಂದೇ ಹಸಿರು ಚುಕ್ಕೆ, ಅವನದು.

"ಅಯ್ಯೋ, ಇದನ್ನ ಹೇಗೋ ಆರಿಸೋದು?"

"ಮುಟ್ಟಬೇಡ ಅಕ್ಕ. ಯಾರೂ ಮುಟ್ಟದಿದ್ರೆ ತಾನೇ ಆರುತ್ತೆ."

ಬೀದಿಯ ತಿರುವಿನಲ್ಲಿ, ಹೆಗಲ ಭಾರದಡಿಯಿಂದ ಅವನು ಹಿಂತಿರುಗಿ ನೋಡಿದ. ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ಫೋನನ್ನು ಎರಡು ಅಂಗೈಗಳಲ್ಲಿ ತೆರೆದಿಟ್ಟುಕೊಂಡು, ಬೆರಳೊಂದೂ ತಾಗದಂತೆ ನೋಡಿಕೊಳ್ಳುತ್ತ, ಕದಲದೆ ನಿಂತಿದ್ದಳು.